ಐದಡಿ ಒಂಬತ್ತಿಂಚಿನ ಮರಗೆಲಸದ ಮೇಷ್ಟ್ರು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಾಲೆಯಿಂದ ಫೋನ್ ಬಂದಾಗ ಮೊದಲು ನೆನಪಾದದ್ದು ಬೆಳಗಿನ ಪ್ರಾರ್ಥನೆಯ ಸಾಲು. ಎತ್ತರದ ಪ್ರಕಾರ ನಿಲ್ಲಬೇಕು. ಎಂಟನೆಯ ತರಗತಿಯಿಂದ ಹತ್ತರವರೆಗೂ ಮೊದಲ ಜಾಗ ನನ್ನದೇ. ಎರಡನೆಯದು ಕ್ರಾಫ್ಟ್ ಕೊಠಡಿಯ ಮರದ ಹೊಟ್ಟಿನ ವಾಸನೆ. ಒಂಬತ್ತನೆಯ ತರಗತಿಯಲ್ಲಿ ಅಲ್ಲೇ ಒಂದು ಸ್ಟೂಲ್ ಮಾಡಿದ್ದೆ. ಮೂರು ಕಾಲು ಸರಿಯಾಗಿ ಬಂದಿದ್ದವು.

ಇವೆರಡೂ ಒಟ್ಟಿಗೆ ಮತ್ತೆ ನೆನಪಾದದ್ದು ಊರಲ್ಲಲ್ಲ, ಅಮೆರಿಕದ ಶಾರ್ಲೆಟ್‌ನಲ್ಲಿ. ಎಂ.ಎಸ್. ಮಾಡಲು ಹೋಗಿದ್ದೆ. ಜತೆಯಲ್ಲಿ ಓದುತ್ತಿದ್ದ ಅಲ್ಲಿನ ಹುಡುಗನೊಬ್ಬ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಕೆರೊಲಿನಾ ಪ್ಯಾಂಥರ್ಸ್‌ನ ಪಂದ್ಯಕ್ಕೆ ಎಳೆದುಕೊಂಡು ಹೋದ. ಆಟ ತಲೆಗೆ ಹತ್ತಲಿಲ್ಲ, ಚಳಿ ಮಾತ್ರ ಚೆನ್ನಾಗಿ ಹತ್ತಿತು. ಕ್ರೀಡಾಂಗಣದ ಹೊರಗೊಂದು ಪ್ರತಿಮೆ. ಯಾರಿದು ಎಂದೆ. "ಸ್ಯಾಮ್ ಮಿಲ್ಸ್. ಲೈನ್‌ಬ್ಯಾಕರ್. ಅದಕ್ಕೂ ಮೊದಲು ಹೈಸ್ಕೂಲಲ್ಲಿ ಮರಗೆಲಸ ಕಲಿಸ್ತಿದ್ದ" ಎಂದ. ಅವನು ಮುಂದೆ ಹೋದ, ನಾನು ಅಲ್ಲೇ ನಿಂತೆ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಒಂದು ಮಾತು. ರಕ್ಷಣೆಯ ಮುಂಸಾಲಿನಲ್ಲಿ ಕೋಣದಂಥ ಆಳುಗಳು ನಿಂತಿರುತ್ತಾರೆ. ಅವರ ಬೆನ್ನ ಹಿಂದೆ ನಿಂತು, ಚೆಂಡು ಎತ್ತ ಹೋಗುತ್ತದೆಂದು ಊಹಿಸಿ, ನುಗ್ಗಿ ಬಂದವನನ್ನು ಕೆಡಹುವವನು ಲೈನ್‌ಬ್ಯಾಕರ್. ಆರಡಿಗಿಂತ ಕಮ್ಮಿ ಇದ್ದವರನ್ನು ಆ ಜಾಗಕ್ಕೆ ಸಾಮಾನ್ಯವಾಗಿ ಕರೆಯುವುದೇ ಇಲ್ಲ. ಮಿಲ್ಸ್ ಎತ್ತರ ಐದಡಿ ಒಂಬತ್ತು ಇಂಚು. ನಮ್ಮೂರಲ್ಲಾದರೆ ಎತ್ತರದವನೇ, ಅದು ಬೇರೆ ಮಾತು.

ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ಆಡಿ ಬಂದವನನ್ನು ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಯಾರೂ ಕೇಳಲಿಲ್ಲ. 1981ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಶಿಬಿರಕ್ಕೆ ಕರೆಸಿಕೊಂಡು ವಾಪಸ್ ಕಳಿಸಿತು. ಕೆನಡಾದ ಟೊರೊಂಟೊ ತಂಡದಲ್ಲೂ ಅದೇ ಕಥೆ. ಹೀಗಾಗಿ ಈಸ್ಟ್ ಆರೆಂಜ್ ಹೈಸ್ಕೂಲಿನಲ್ಲಿ ಮೇಷ್ಟ್ರಾದ. ಮರಗೆಲಸ, ಫೋಟೊಗ್ರಫಿ ಪಾಠ. ಜತೆಗೆ ಹುಡುಗರಿಗೆ ಫುಟ್‌ಬಾಲ್ ತರಬೇತಿ.

1983ರಲ್ಲಿ ಯುಎಸ್‌ಎಫ್‌ಎಲ್ ಎಂಬ ಹೊಸ ಲೀಗ್ ಶುರುವಾಯಿತು. ಫಿಲಡೆಲ್ಫಿಯಾ ಸ್ಟಾರ್ಸ್ ತಂಡಕ್ಕೆ ಇವನ ಹೆಸರು ಹೇಳಿದ್ದು ಯಾರು ಗೊತ್ತೇ? ಕ್ಲೀವ್‌ಲ್ಯಾಂಡಿನಲ್ಲಿ ಇವನನ್ನು ಕೈಬಿಟ್ಟಿದ್ದ ಕೋಚ್ ಸ್ಯಾಮ್ ರುಟಿಗ್ಲಿಯಾನೊ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾಗುವುದು ಇದೇ. ತಪ್ಪು ಮಾಡಿದ ಮೇಲೆ ಸುಮ್ಮನಿರುವವರೇ ಜಾಸ್ತಿ. ನಮ್ಮೂರ ಹತ್ತಿರದ ಒಂದು ಕಡೆ ಕಬಡ್ಡಿ ತಂಡದ ಆಯ್ಕೆಗೆ ಹೋಗಿದ್ದಾಗ "ನೀನು ಸ್ಕೋರ್ ಬರಿ ಮರಿ" ಎಂದು ನನ್ನ ಕೈಗೆ ಪೆನ್ನು ಕೊಟ್ಟವರು ಮುಂದೆ ಯಾರಿಗೂ ನನ್ನ ಹೆಸರು ಹೇಳಲಿಲ್ಲ!

ಸ್ಟಾರ್ಸ್‌ನಲ್ಲಿ ಮಿಲ್ಸ್ ಆಡಿದ್ದು ಮೂರು ಸೀಸನ್, ಮೂರೂ ಸಲ ಫೈನಲ್, ಎರಡು ಸಲ ಕಪ್. ಆ ಲೀಗ್ ಮುಚ್ಚಿಹೋದಾಗ ಸ್ಟಾರ್ಸ್ ಕೋಚ್ ಜಿಮ್ ಮೋರಾ ಅಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಸೇರಿದರು. 1986ರಲ್ಲಿ ಮಿಲ್ಸ್ ಕೂಡ ಅಲ್ಲಿಗೇ ಹೋದ. 1992ರಲ್ಲಿ ಸೇಂಟ್ಸ್‌ನ ನಾಲ್ಕೂ ಲೈನ್‌ಬ್ಯಾಕರ್‌ಗಳು ಒಟ್ಟಿಗೆ ಪ್ರೊ ಬೌಲ್‌ಗೆ, ಅಂದರೆ ಲೀಗಿನ ತಾರೆಗಳ ಪಂದ್ಯಕ್ಕೆ, ಆಯ್ಕೆಯಾದರು.

ಅವನ ಹಳೆಯ ವಿಡಿಯೊಗಳನ್ನು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ನೋಡಿದ್ದೇನೆ. ಎತ್ತರದವನು ಬಗ್ಗಬೇಕಾದಲ್ಲಿ ಇವನು ಬಗ್ಗಿಯೇ ಇರುತ್ತಾನೆ. ಎದುರಾಳಿಯ ಎದೆಯ ಕೆಳಗೆ ಭುಜ ಕೊಟ್ಟು ಎತ್ತಿದನೆಂದರೆ ಮುಗಿಯಿತು. ಕಬಡ್ಡಿಯಲ್ಲಿ ಕಾರ್ನರ್‌ನ ಕುಳ್ಳ ಕ್ಯಾಚರ್ ರೈಡರ್‌ನ ಕಣಕಾಲಿಗೆ ಕೈ ಹಾಕಿದಾಗ ಅವನ ಎತ್ತರವೇ ಅವನಿಗೆ ಹಗೆಯಾಗುತ್ತದಲ್ಲ, ಹಾಗೆ.

1995ರಲ್ಲಿ ಪ್ಯಾಂಥರ್ಸ್ ಹೊಸ ತಂಡ. ಶಾರ್ಲೆಟ್‌ನ ಕ್ರೀಡಾಂಗಣ ಇನ್ನೂ ಮುಗಿದಿರಲಿಲ್ಲ, ಕ್ಲೆಮ್ಸನ್‌ನಲ್ಲಿ ಆಡುತ್ತಿದ್ದರು. ಮೊದಲ ಐದೂ ಪಂದ್ಯ ಸೋತರು. ಆರನೆಯದರಲ್ಲಿ, ನ್ಯೂಯಾರ್ಕ್ ಜೆಟ್ಸ್ ಎದುರು, ಮೂವತ್ತಾರು ವರ್ಷದ ಮಿಲ್ಸ್ ಪಾಸೊಂದನ್ನು ನಡುವೆಯೇ ಕಸಿದು 36 ಗಜ ಓಡಿ, ಎದುರಾಳಿಯ ಗಡಿ ಮುಟ್ಟಿ ಟಚ್‌ಡೌನ್ ಮಾಡಿದ. ತಂಡದ ಮೊಟ್ಟಮೊದಲ ಗೆಲುವು ಅದು. ಮರುವರ್ಷ ಮತ್ತೆ ಪ್ರೊ ಬೌಲ್. 1997ರ ಸೀಸನ್ ಮುಗಿಸಿ ನಿಲ್ಲಿಸಿದ. ಎನ್‌ಎಫ್‌ಎಲ್‌ನಲ್ಲಿ 12 ವರ್ಷ, 181 ಪಂದ್ಯ. ನಂತರ ಅದೇ ತಂಡದಲ್ಲಿ ಲೈನ್‌ಬ್ಯಾಕರ್‌ಗಳ ಕೋಚ್. ಮೇಷ್ಟ್ರು ಮತ್ತೆ ಮೇಷ್ಟ್ರೇ ಆದರು ಎನ್ನಿ.

2003ರ ಆಗಸ್ಟ್‌ನಲ್ಲಿ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯ ನಡುವೆಯೇ ಮೈದಾನಕ್ಕೆ ಬರುತ್ತಿದ್ದರು. 2004ರ ಜನವರಿಯಲ್ಲಿ ಡಲ್ಲಾಸ್ ಎದುರಿನ ಪ್ಲೇಆಫ್‌ಗೆ ಮುನ್ನ ಹುಡುಗರಿಗೆ ಹೇಳಿದ್ದು ಇಷ್ಟು: ಕಾಯಿಲೆ ಗೊತ್ತಾದಾಗ ನನ್ನ ಮುಂದೆ ಎರಡೇ ದಾರಿ ಇದ್ದವು, ಬಿಟ್ಟುಬಿಡುವುದು ಅಥವಾ ಬಡಿಯುತ್ತಲೇ ಇರುವುದು. 'ಕೀಪ್ ಪೌಂಡಿಂಗ್'. ತಂಡ ಆ ಪಂದ್ಯ ಗೆದ್ದು, ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋಗಿ, ಅಲ್ಲಿ 32-29ರಿಂದ ಸೋತಿತು. ಮಿಲ್ಸ್ 2005ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ನಲವತ್ತೈದು ವರ್ಷ. ಈಗಲೂ ಶಾರ್ಲೆಟ್‌ನಲ್ಲಿ ಪ್ರತಿ ಪಂದ್ಯಕ್ಕೂ ಮುಂಚೆ ಯಾರಾದರೊಬ್ಬರು ದೊಡ್ಡ ನಗಾರಿ ಬಾರಿಸುತ್ತಾರೆ. ಆಟಗಾರರ ಜರ್ಸಿಯ ಕತ್ತುಪಟ್ಟಿಯ ಒಳಗೂ ಅವೇ ಎರಡು ಪದ.

ಅಮೆರಿಕನ್ ಫುಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2022ರಲ್ಲಿ. ಆಗ ನಾನು ಊರಿಗೆ ಬಂದಿದ್ದೆ. ಶಾಲೆಯ ಕಡೆ ಹೋದರೆ ಕ್ರಾಫ್ಟ್ ಕೊಠಡಿಯಲ್ಲಿ ಕಂಪ್ಯೂಟರುಗಳು ಕೂತಿದ್ದವು. ಮನೆಯಲ್ಲಿ ಸ್ಟೂಲ್ ಮಾತ್ರ ಹಾಗೇ ಇದೆ. ಅಮ್ಮ ಅದರ ಮೇಲೆ ತುಳಸಿಗೆ ನೀರು ಹಾಕುವ ತಂಬಿಗೆ ಇಡುತ್ತಾಳೆ. ಗಿಡ್ಡ ಕಾಲಿನ ಕೆಳಗೆ ಕಾಗದ ಮಡಚಿಟ್ಟಿದ್ದಾಳೆ.