ಮರದ ನೆರಳಿಗೆ ರೊಝಾನ್ ಅಲ್ಲ

ಸ್ಪೆಕ್‌ನಲ್ಲಿ, ಅಂದರೆ ಡಿಸೈನರ್ ಕೊಟ್ಟ ಪಟ್ಟಿಯಲ್ಲಿ, ಬರೆದ ಗಿಡ ಸಿಗದಿದ್ದರೆ ಅದೇ ಕುಲದ ಇನ್ನೊಂದನ್ನು ತರಿಸಿ ಕಳಿಸುವ ಅಭ್ಯಾಸ, ತೋಟ ನೆಡುವ ಕೆಲಸದ ನಮ್ಮ ಆಫೀಸಿನಲ್ಲಿ ಇನ್ನೂ ನಿಂತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಒಂದು ಅಪಾರ್ಟ್‌ಮೆಂಟ್ ಹಿಂದಿನ ಇಳಿಜಾರು. ಮೇಲೆ ದೊಡ್ಡ ಸಿಕಮೋರ್ ಮರಗಳು, ಕೆಳಗೆ ಒಣ ಮಣ್ಣು, ಗುದ್ದಲಿ ಹಾಕಿದಲ್ಲೆಲ್ಲ ಬೇರು. ಡಿಸೈನರ್ ಸರಿಯಾಗಿಯೇ ಬರೆದಿದ್ದರು: ಜೆರೇನಿಯಂ ಮ್ಯಾಕ್ರೋರೈಝಮ್ ಎಂಬ ನೆಲ ಮುಚ್ಚುವ ಗಿಡ, ಬೆವನ್ಸ್ ವೆರೈಟಿ ಎಂಬ ತಳಿ, ಪಿ-ನೈನ್ (9 ಸೆಂ.ಮೀ. ಕುಂಡ), ಚದರ ಮೀಟರಿಗೆ 5. ಲಾರಿಯಿಂದ ಇಳಿದದ್ದು 2 ಲೀಟರ್ ಕುಂಡದ ರೊಝಾನ್, ನೀಲಿ ಹೂವಿನ ಇನ್ನೊಂದು ಜೆರೇನಿಯಂ ತಳಿ. ಅದೂ ಚೆನ್ನಾಗಿ ಹೂ ಬಿಟ್ಟಿದ್ದವು.

ಮೊದಲ ಟ್ರಾಲಿ ಇನ್ನೂ ಲಾರಿಯ ಹಿಂದಿನ ಇಳಿಸುವ ಹಲಗೆ (ಟೈಲ್-ಲಿಫ್ಟ್) ಮೇಲೇ ಇತ್ತು. ಡ್ರೈವರ್ ಸಹಿಗೆ ಕಾಯುತ್ತಿದ್ದರು, ಹುಡುಗರು ಕೈಗವಸು ಹಾಕಿಕೊಂಡು ನಿಂತಿದ್ದರು, ಮಣ್ಣಿನ ಮೇಲೆ ಹಾಸುವ ಮಲ್ಚ್ ಆಗಲೇ ಸುರಿದಾಗಿತ್ತು. ಆಫೀಸಿಗೆ ಫೋನ್ ಮಾಡಿದೆ. "ಇದಕ್ಕಿಂತ ಒಳ್ಳೆ ಜೆರೇನಿಯಂ ಎಲ್ಲಿದೆ? ಚೆಲ್ಸಿಯಲ್ಲಿ ಶತಮಾನದ ಗಿಡ ಅಂತ ಆರಿಸಿದ್ದು" ಅಂದರು. ನಿಜವೇ, 2013ರಲ್ಲಿ ಆರ್‌ಎಚ್‌ಎಸ್ (ಬ್ರಿಟನ್ನಿನ ತೋಟಗಾರಿಕೆ ಸಂಸ್ಥೆ) ನಡೆಸುವ ಚೆಲ್ಸಿ ಹೂ ಪ್ರದರ್ಶನದ ನೂರನೇ ವರ್ಷಕ್ಕೆ ಜನ ಮತ ಹಾಕಿ ಆರಿಸಿದ್ದು ರೊಝಾನನ್ನೇ. ವಾಪಸ್ ಕಳಿಸಿದರೆ ಇಡೀ ವಾರದ ಕೆಲಸ ಹಾಳು. ಬೇಸಿಗೆಯಲ್ಲಿ ನೀಲಿ ಹೂ ನೋಡಿದರೆ ನಿವಾಸಿಗಳು ಖುಷಿಪಡುತ್ತಾರೆ, ಇಳಿಜಾರು ಹೇಗೋ ಮುಚ್ಚಿಕೊಳ್ಳುತ್ತದೆ ಅಂದುಕೊಂಡು ಸಹಿ ಹಾಕಿದೆ.

ರೊಝಾನ್ ನನಗೆ ಬಹಳ ಇಷ್ಟದ ಗಿಡ. ಅದರ ಮೂಲ ಜಾತಿಗಳೆರಡೂ ಹಿಮಾಲಯದವು. ಬೀಜ ಕಟ್ಟುವುದಿಲ್ಲ, ಹಾಗಾಗಿ ಜೂನ್‌ನಿಂದ ಹಿಮ ಬೀಳುವವರೆಗೆ ಹೂ ಬಿಡುತ್ತಲೇ ಇರುತ್ತದೆ. ಆದರೆ ಅದರ ಕಾಂಡಗಳೆಲ್ಲ ಒಂದೇ ಬುಡದಿಂದ ಹೊರಟು ಸುತ್ತ ಹರಡುತ್ತವೆ, ನೆಲ ಮುಟ್ಟಿದಲ್ಲಿ ಬೇರು ಬಿಡುವುದಿಲ್ಲ. ಚಳಿ ಬಂದರೆ ಎಲ್ಲ ಒಣಗಿ ಬುಡ ಮಾತ್ರ ಉಳಿಯುತ್ತದೆ. ಬಿಸಿಲು, ಸ್ವಲ್ಪ ತೇವ ಇರುವ ಮಡಿಗೆ ಇದು ಅಪ್ಪಟ ಚಿನ್ನ. ಒಣ ನೆರಳಿನ ಇಳಿಜಾರಿಗೆ ಅಲ್ಲ.

ಜನವರಿಯಲ್ಲಿ ನಿವಾಸಿಗಳ ಕಮಿಟಿ ಜೊತೆ ಡಿಫೆಕ್ಟ್ಸ್ ವಾಕ್, ಅಂದರೆ ಕೆಲಸದ ಕುಂದುಕೊರತೆ ನೋಡುವ ಸುತ್ತು. ಮಲ್ಚ್ ಮಳೆಗೆ ಜಾರಿ ಕಾಲುದಾರಿಗೆ ಬಂದಿತ್ತು. ಖಾಲಿ ಮಣ್ಣಿನಲ್ಲಿ ಬಿಟರ್‌ಕ್ರೆಸ್, ಕ್ಲೀವರ್ಸ್‌ನಂಥ ಕಳೆಗಳು ಆಗಲೇ ಹಸಿರಾಗಿದ್ದವು. ಒಬ್ಬ ಹಿರಿಯ ಹೆಂಗಸು ತುಂಬಾ ಹೊತ್ತು ನೋಡಿ, "ಇಲ್ಲಿ ಏನಾದರೂ ನೆಟ್ಟಿದ್ದೀರಾ?" ಅಂತ ಮೆಲ್ಲಗೆ ಕೇಳಿದರು. ಬಗ್ಗಿ ಮಣ್ಣು ಕೆದಕಿ ಬುಡದ ಮೊಗ್ಗುಗಳನ್ನು ತೋರಿಸಿದೆ. ಅವರು ತಲೆಯಾಡಿಸಿದರು, ಆದರೆ ಮುಖದಲ್ಲಿ ನಂಬಿಕೆ ಇರಲಿಲ್ಲ. ನಮ್ಮ ಮ್ಯಾನೇಜರ್ ಪಕ್ಕದಲ್ಲೇ ನಿಂತು ಫೋನ್ ನೋಡುತ್ತಿದ್ದರು. ಆ ಬದಲಾವಣೆ ಒಪ್ಪಿದ್ದೇ ಅವರು. ಒಂದು ಮಾತು ಆಡಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಮ್ಯಾಕ್ರೋರೈಝಮ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಅದರ ದಪ್ಪ ಗೆಡ್ಡೆಕಾಂಡ ನೆಲದ ಮೇಲೇ ತೆವಳುತ್ತಾ ಬೇರು ಬಿಡುತ್ತದೆ, ಮಣ್ಣು ಹಿಡಿಯುತ್ತದೆ. ಎಲೆ ಸ್ವಲ್ಪ ಕೆಂಪಾದರೂ ಒಂದಷ್ಟು ಚಳಿಗಾಲದಲ್ಲೂ ಉಳಿಯುತ್ತದೆ. ಮುಟ್ಟಿದರೆ ಗಾಢ ವಾಸನೆ, ಬಲ್ಗೇರಿಯಾದಲ್ಲಿ ಅದರಿಂದ ಎಣ್ಣೆಯನ್ನೇ ತೆಗೆಯುತ್ತಾರೆ. ಹೂ ಬರುವುದು ಬೇಸಿಗೆಯ ಆರಂಭದಲ್ಲಿ ಕೆಲವೇ ವಾರ. ಅಷ್ಟು ಸಾಕು ಅಲ್ವಾ, ಕೆಲಸ ಮಾಡುವುದು ಎಲೆ.

ಚಿಗುರುವ ಮೊದಲೇ ರೊಝಾನ್‌ಗಳನ್ನು ಕಿತ್ತು ಕಟ್ಟಡದ ಮುಂಭಾಗದ ಬಿಸಿಲಿನ ಮಡಿಗೆ ಸಾಗಿಸಿದೆವು. ಅಲ್ಲಿ ಸೊಗಸಾಗಿ ಬಂದಿವೆ. ಇಳಿಜಾರಿಗೆ ಹೊಸ ಗಿಡ ಕೊಳ್ಳಲು ದುಡ್ಡಿಲ್ಲ ಅಂದರು. ನಾವೇ ನೋಡಿಕೊಳ್ಳುವ ಇನ್ನೊಂದು ಸೈಟ್‌ನಲ್ಲಿ ಹಳೆಯ ಮ್ಯಾಕ್ರೋರೈಝಮ್ ಹಾಸು ಇತ್ತು. ಸೆಪ್ಟೆಂಬರ್‌ನಲ್ಲಿ ಅದರ ಅಂಚಿನಿಂದ ಗೆಡ್ಡೆಕಾಂಡ ಮುರಿದು, ತುದಿಯ ಎಲೆ ಮಾತ್ರ ಮೇಲೆ ಕಾಣುವಷ್ಟು ಹೂತು, ಕಾಲಿನಿಂದ ಗಟ್ಟಿಯಾಗಿ ಮೆಟ್ಟಿ ನೀರು ಹಾಕಿದೆವು. ಬೇರಿಲ್ಲದ ತುಂಡುಗಳೂ ಬಹುಪಾಲು ಹಿಡಿದುಕೊಂಡವು. ಖರ್ಚಾದದ್ದು ಹುಡುಗರ ಕೂಲಿ ಮಾತ್ರ.

ಆರ್ಡರ್ ಹಾಕುವ ಆಪ್‌ನಲ್ಲಿ ಈಗಲೂ 'ಜೆರೇನಿಯಂ' ಅಂತ ಒಂದೇ ಸಾಲು ಇದೆ. ತಳಿಯ ಹೆಸರು ಬರೆಯಲು ಜಾಗವೇ ಇಲ್ಲ. ಬದಲಿ ಗಿಡ ಬಂದರೆ ಡೆಲಿವರಿ ನೋಟ್ ಮೇಲೆ 'ಸೈಟ್ ಒಪ್ಪಿಲ್ಲ' ಅಂತ ಬರೆದು ಟ್ರಾಲಿ ವಾಪಸ್ ಕಳಿಸುತ್ತೇನೆ, ಡ್ರೈವರ್ ಎಷ್ಟು ಗೊಣಗಿದರೂ ಸರಿ. ಕಾರ್ ಪಾರ್ಕ್ ಅಂಚಿಗೆ ಬಯೋಕೊವೊ ಎಂಬ ಜೆರೇನಿಯಂ ತಳಿ ಕೇಳಿದ್ದೇನೆ. ಕುಳ್ಳಗೆ ಹಬ್ಬುವ ಗಿಡ, ಬಿಳಿಯಲ್ಲಿ ನಸುಗುಲಾಬಿ ಹೂ. ಆಫೀಸಿನಿಂದ ಇನ್ನೂ ಉತ್ತರ ಬಂದಿಲ್ಲ.