ಬೆಟ್ಟದ ಬುಡಕ್ಕೆ ಬರುವ ಬಸ್ಸು

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬೆಳಗ್ಗೆ ಏಳೂ ಆಗಿರಲಿಲ್ಲ. ಗೆಳತಿ ಆಗಲೇ ಬಂದು ಕಾಯುತ್ತಿದ್ದಳು. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆ. ಹಾಳೆಯಲ್ಲಿ 11 ಹೆಸರು. ಎಲ್ಲರೂ ಸೆಕೆಂಡ್ ಪಿಯುಸಿ ಪಾಸಾದವರು. ಒಬ್ಬರೂ ಇನ್ನೂ ಡಿಗ್ರಿಗೆ ಅರ್ಜಿ ಹಾಕಿರಲಿಲ್ಲ. ಅದರಲ್ಲಿ ನಾಲ್ಕು ಮಂದಿ ಬೆಟ್ಟದ ಮೇಲಿನವರು.

"ಅಂತರಗಂಗೆ ನೋಡಿಲ್ಲ ಅಂತಿದ್ಯಲ್ಲ, ಬಾ. ಎರಡೂ ಕೆಲಸ ಆಗುತ್ತೆ" ಎಂದು ಫೋನಿನಲ್ಲಿ ಕರೆದಿದ್ದಳು. ನಾನು ಹೊರಟದ್ದು ಬೆಟ್ಟದ ಮೇಲಿನ ಆ ಅಂತರಗಂಗೆ ಬುಗ್ಗೆ ನೋಡೋಕೇ. ಸುಳ್ಳು ಯಾಕೆ ಹೇಳಲಿ.

ಗೆಳತಿ ಸರ್ಕಾರಿ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ರಜೆಯ ದಿನ ಬಿಸಿಲಲ್ಲಿ ಬೆಟ್ಟ ಹತ್ತಿ ಮಕ್ಕಳನ್ನು ಹುಡುಕೋ ಕೆಲಸ ಅವಳದ್ದಲ್ಲ. "ದೊಡ್ಡ ಸೇವೆ ಕಣೆ ನಿಂದು" ಅಂದೆ. ಅವಳು ನಕ್ಕಳು. "ಸೇವೆ ಏನಿಲ್ಲ. ಮಕ್ಕಳು ಕಮ್ಮಿಯಾದ್ರೆ ನನ್ನ ಕ್ಲಾಸೂ ಕಮ್ಮಿ, ಸಂಬಳಾನೂ ಕಮ್ಮಿ. ಹೊಟ್ಟೆಪಾಡು." ಈ ಮಾತು ಕೇಳಿ ನನಗೆ ಅವಳ ಮೇಲಿನ ಗೌರವ ಜಾಸ್ತಿಯೇ ಆಯಿತು.

ಊರಿನ ಪಕ್ಕದಲ್ಲೇ ಎದ್ದು ನಿಂತಿರುವ ಈ ಬೆಟ್ಟಸಾಲಿಗೆ ಶತಶೃಂಗ ಪರ್ವತ ಅಂತ ಹೆಸರು. ಬುಡದಿಂದ ನೋಡಿದರೆ ಬರೀ ಬಂಡೆ. ಒಂದರ ಮೇಲೊಂದು ಯಾರೋ ಪೇರಿಸಿಟ್ಟ ಹಾಗೆ. ಮೇಲೆ ಹೋದರೆ ಸಪಾಟು ನೆಲ, ಹೊಲ, ಊರುಗಳು. ಏಳು ಹಳ್ಳಿ ಅಂತ ಕೋಲಾರದವರು ಹೇಳುತ್ತಾರೆ. ಹೊರಗಿನವರಿಗೆ ಗೊತ್ತಿರುವುದು ತೇರಹಳ್ಳಿ ಒಂದೇ. ನಾವು ಹೋದ ಊರು ಯಾವುದು ಅಂತ ನಾನು ಬರೆಯುವುದಿಲ್ಲ. ಸಣ್ಣ ಊರು, ಯಾರ ಮನೆ ಅಂತ ತಕ್ಷಣ ಗೊತ್ತಾಗುತ್ತದೆ.

ಮೇಲಕ್ಕೆ ಟಾರು ರಸ್ತೆ ಇದೆ. ಆದರೂ ಗೆಳತಿ ಮೆಟ್ಟಿಲು ಹಿಡಿದಳು. ಕಾಶಿ ವಿಶ್ವೇಶ್ವರನ ಗುಡಿಯವರೆಗೆ ಮೆಟ್ಟಿಲು ಸಲೀಸು. ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು, ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ಧೂಳು ಏಳುವ ಕಡೆ. ಇಲ್ಲಿ ಮಾತ್ರ ಬೇಸಿಗೆಯಲ್ಲೂ ನೀರು. ಬೊಗಸೆ ಹಿಡಿದು ಕುಡಿದೆ. ತಣ್ಣಗಿತ್ತು. ಅಷ್ಟರಲ್ಲಿ ಕೋತಿಯೊಂದು ನನ್ನ ಬಾಳೆಹಣ್ಣಿನ ಕವರನ್ನೇ ಎತ್ತಿಕೊಂಡು ಹೋಯಿತು. ಬೆಳಗಿನ ತಿಂಡಿ ಅಲ್ಲಿಗೆ ಮುಗಿಯಿತು.

ಗುಡಿ ದಾಟಿದ ಮೇಲೆ ಮೆಟ್ಟಿಲಿಲ್ಲ. ಬಂಡೆಗಳ ಸಂದಿಯಲ್ಲಿ ಕಾಲುದಾರಿ. ಕೆಲವು ಕಡೆ ಕೈ ಊರಿ ಹತ್ತಬೇಕು. "ಬಸ್ಸು ತಪ್ಪಿದ ದಿನ ಮಕ್ಕಳು ಇಳಿಯೋದು ಹೀಗೇ" ಎಂದಳು. ಅವಳು ಮೆಟ್ಟಿಲು ಹಿಡಿದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಏದುಸಿರು ಬಿಡುತ್ತಾ ನನಗೆ ಎಚ್. ನರಸಿಂಹಯ್ಯನವರ ನೆನಪಾಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, 1920ರಲ್ಲಿ ಹುಟ್ಟಿದವರು, ತೀರಾ ಬಡ ಮನೆ. ಓದಬೇಕು ಅಂತ ನಡೆದುಕೊಂಡೇ ಬೆಂಗಳೂರಿಗೆ ಹೋಗಿ, ಕೊನೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ನಮ್ಮ ಸೀಮೆಯ ಶಾಲೆಗಳಲ್ಲಿ ಈ ಕಥೆ ಕೇಳದೆ ಬೆಳೆದವರು ಕಮ್ಮಿ. "ಅವರು ಅಷ್ಟು ದೂರ ನಡೆದ್ರು, ನಿಮಗೇನು ಧಾಡಿ?" ಅಂತ ನಮ್ಮ ಮೇಷ್ಟ್ರು ಬೈಯುತ್ತಿದ್ದರು. ಅದನ್ನೇ ಗೆಳತಿಗೆ ಹೇಳಿದೆ.

ಅವಳು ಒಂದು ಬಂಡೆಗೆ ಒರಗಿ ನಿಂತಳು. "ಮೇಷ್ಟ್ರು ಅರ್ಧ ಕಥೆ ಹೇಳಿದ್ದಾರೆ. ಎಚ್‌ಎನ್ ದೊಡ್ಡವರಾದ ಮೇಲೆ ಏನು ಮಾಡಿದ್ರು? ಗೌರಿಬಿದನೂರಲ್ಲಿ ಕಾಲೇಜು ಕಟ್ಟಿಸಿದ್ರು, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಿಸಿದ್ರು. ನಾನು ನಡೆದೆ, ನೀವೂ ನಡೀರಿ ಅಂತ ಅವರು ಹೇಳಲಿಲ್ಲ."

"ಈಗ ಕಾಲೇಜಿಗೇನು ಬರವಿಲ್ಲವಲ್ಲ?"

"ಇಲ್ಲ. ಲೆಕ್ಕ ಬೇಕಾ?" ಅಂತ ಕ್ಲಾಸಿನ ದನಿಯಲ್ಲೇ ಶುರು ಮಾಡಿದಳು. 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ 18ರಿಂದ 23 ವಯಸ್ಸಿನ ಒಂದು ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜು. ದೇಶದಲ್ಲೇ ಹೆಚ್ಚು. ಆದರೆ ಅದೇ ವಯಸ್ಸಿನ ನೂರು ಜನಕ್ಕೆ ದಾಖಲಾತಿ 36ರ ಆಸುಪಾಸು. ದೇಶದ ಲೆಕ್ಕ 28, ಅದಕ್ಕಿಂತ ನಾವು ಮೇಲು. "ಈ ಬೆಟ್ಟದ ಮೇಲೆ ನಿಂತು ನೋಡಿದ್ರೆ ಕೋಲಾರದ ಕಾಲೇಜು ಕಟ್ಟಡಗಳೇ ಕಾಣ್ತವೆ. ಕಾಣ್ತವೆ, ಅಷ್ಟೇ."

ಮೇಲೆ ತಲುಪಿದಾಗ ಒಂಬತ್ತೂವರೆ. ಗಾಳಿ ಚೆನ್ನಾಗಿತ್ತು. ಒಂದೆರಡು ಮಳೆ ಬಿದ್ದಿತ್ತು ಅನ್ನಿಸುತ್ತೆ, ಹೊಲಗಳನ್ನು ಉತ್ತು ಬಿಟ್ಟಿದ್ದರು. ರಾಗಿ ಬಿತ್ತನೆಗೆ ಇನ್ನೂ ಹೊತ್ತಿತ್ತು.

ಹಾಳೆಯ ನಾಲ್ಕು ಹೆಸರಲ್ಲಿ ಮೂರು ಬೇಗ ಮುಗಿದವು. ಒಬ್ಬ ಹುಡುಗ ಬೆಂಗಳೂರಲ್ಲಿ ಡೆಲಿವರಿ ಕೆಲಸಕ್ಕೆ ಸೇರಿಯಾಗಿತ್ತು. ಒಬ್ಬಳಿಗೆ ಮದುವೆ ಗೊತ್ತಾಗಿತ್ತು. ಅವಳ ತಾಯಿ ನಮ್ಮನ್ನು ಒಳಗೆ ಕರೆಯಲಿಲ್ಲ. ಇನ್ನೊಂದು ಮನೆಗೆ ಬೀಗ.

ನಾಲ್ಕನೇ ಮನೆಯಲ್ಲಿ ಅಜ್ಜಿಯೊಬ್ಬರು "ಕೂರ್ಚೋಮ್ಮಾ" ಅಂತ ಚಾಪೆ ಹಾಸಿದರು. ಮನೆಯೊಳಗೆ ತೆಲುಗು, ನಮ್ಮ ಜೊತೆ ಕನ್ನಡ. ಈ ಕಡೆ ಇದು ಮಾಮೂಲಿ. ಮಗು ಮನೆಯಲ್ಲಿ ತೆಲುಗು ಕಲಿತು, ಶಾಲೆಯಲ್ಲಿ ಕನ್ನಡಕ್ಕೆ ಹೊಂದಿಕೊಂಡು, ಕಾಲೇಜಿಗೆ ಬಂದಾಗ ಅಕೌಂಟ್ಸ್ ಪುಸ್ತಕ ಇಂಗ್ಲಿಷಿನಲ್ಲಿ ಕೈಗೆ ಸಿಗುತ್ತದೆ. ಇದೂ ಒಂದು ಬೆಟ್ಟವೇ ಅಲ್ವಾ?

ಹುಡುಗಿ ಮಲಗಿದ್ದಳು. ನರಸಾಪುರದ ಕಡೆ ಕಂಪನಿಯೊಂದರಲ್ಲಿ ಕೆಲಸ. ಹಿಂದಿನ ವಾರವೆಲ್ಲ ಬೆಳಗಿನ ಶಿಫ್ಟು, ಈ ವಾರ ರಾತ್ರಿ ಶಿಫ್ಟು. ಕಾಮರ್ಸಿನಲ್ಲಿ ನೂರಕ್ಕೆ 78 ತೆಗೆದಿದ್ದಾಳೆ ಅಂತ ಗೆಳತಿ ನನಗೆ ದಾರಿಯಲ್ಲೇ ಹೇಳಿದ್ದಳು. ಎಬ್ಬಿಸಬೇಡಿ ಅಂದೆವು.

ಅವಳಪ್ಪ ಹಿತ್ತಲಿಂದ ಕೈ ತೊಳೆದುಕೊಂಡು ಬಂದರು. "ನಾವು ಓದಿಸಲ್ಲ ಅಂದಿಲ್ಲ ಮೇಡಂ. ಅವ್ಳೂ ಓದ್ತೀನಿ ಅಂತಾನೇ ಅಂತಾಳೆ."

ಫೀಸಿನ ಮಾತು ಬೇಗ ಮುಗಿಯಿತು. ಸರ್ಕಾರಿ ಕಾಲೇಜಿನಲ್ಲಿ ಹುಡುಗಿಯರಿಗೆ ಬೋಧನಾ ಶುಲ್ಕ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಬಸ್ಸಿಗೂ ದುಡ್ಡು ಕೊಡಬೇಕಿಲ್ಲ. ಅದೆಲ್ಲ ಅವರಿಗೆ ಗೊತ್ತಿತ್ತು.

"ಮತ್ತೆ ತೊಂದರೆ ಏನಣ್ಣ?"

ಅವರು ಸ್ವಲ್ಪ ಯೋಚಿಸಿದರು. "ಕಂಪನಿ ಬಸ್ಸು ಬೆಳಗ್ಗೆ ಐದಕ್ಕೆ ಬೆಟ್ಟದ ಬುಡಕ್ಕೆ ಬರುತ್ತೆ. ಒಂದು ನಿಮಿಷ ಹಿಂದೆ ಮುಂದೆ ಆಗಲ್ಲ. ಟಿವಿಎಸ್‌ನಲ್ಲಿ ಬಿಟ್ಟು ಬರ್ತೀನಿ."

ಗೆಳತಿ ಬಿಡಲಿಲ್ಲ. "ಐದಕ್ಕೆ ಬಿಡೋರು ಎಂಟೂವರೆಗೆ ಬಿಡೋಕಾಗಲ್ವಾ?"

"ಐದಕ್ಕೆ ಬಿಟ್ರೆ ಆರಕ್ಕೆ ವಾಪಸ್ ಬಂದು ಹಾಲು ಕರೆದು ಡೈರಿಗೆ ಹಾಕ್ತೀನಿ, ಆಮೇಲೆ ಕೂಲಿಗೆ ಹೋಗ್ತೀನಿ. ಎಂಟೂವರೆಗೆ ಇಳಿದ್ರೆ ಆವತ್ತಿನ ಕೂಲಿ ಹೋಯ್ತಲ್ಲಮ್ಮ. ಮೇಲೆ ಬರೋ ಬಸ್ಸು ನಂಬಿಕೊಂಡ್ರೆ ಎರಡು ಕ್ಲಾಸು ಮುಗಿದಿರುತ್ತೆ. ಸಾಯಂಕಾಲ ಕತ್ತಲಾದ್ರೆ ಮತ್ತೆ ನಾನೇ ಇಳೀಬೇಕು."

ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಫೀಸಿಲ್ಲ, ಟಿಕೆಟ್ಟಿಲ್ಲ, ಆದರೂ ಕಾಲೇಜು ಈ ಮನೆಗೆ ದಿನಕ್ಕೊಂದು ಕೂಲಿಯ ಬೆಲೆ. ಕಂಪನಿ ದುಡ್ಡು ಕೊಡುತ್ತದೆ ನಿಜ, ಅದಕ್ಕಿಂತ ಮುಖ್ಯವಾಗಿ ಬಸ್ಸನ್ನೂ ಕಳಿಸುತ್ತದೆ, ಅದೂ ಈ ಮನೆಯ ಹೊತ್ತಿಗೆ. ಕಂಪನಿಯವರನ್ನು ಬೈಯೋಣ ಅಂದುಕೊಂಡು ಬಂದವಳಿಗೆ ಬೈಯೋಕೆ ಏನೂ ಸಿಗಲಿಲ್ಲ.

ಹಾಸ್ಟೆಲಿನ ಮಾತೂ ಬಂತು. ಕಾಲೇಜಿಗೆ ಸೇರಿದ ಮೇಲೆ ಹಾಸ್ಟೆಲಿಗೆ ಅರ್ಜಿ, ಆಮೇಲೆ ಪಟ್ಟಿ, ಅಲ್ಲಿಯತನಕ ಹುಡುಗಿ ಎಲ್ಲಿರಬೇಕು? ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗಿಷ್ಟು ಅಂತ 10 ತಿಂಗಳು ದುಡ್ಡು ಕೊಡುತ್ತಾರೆ. ಅದನ್ನು ಕೇಳಿ ಅಪ್ಪ ತಲೆ ಎತ್ತಿದರು. ರೈತರ ಮಕ್ಕಳಿಗೆ ವಿದ್ಯಾನಿಧಿ ಇದೆ, ಡಿಗ್ರಿ ಓದುವ ಹುಡುಗಿಗೆ ವರ್ಷಕ್ಕೆ 5,500 ಅಂದಳು ಗೆಳತಿ. "ನಿಮ್ಮ ಫ್ರೂಟ್ಸ್ ಐಡಿ ಇದೆಯಾ?"

ಇಲ್ಲ. ಜಮೀನಿನ ಪಹಣಿ ನೋಡಿ ರೈತರಿಗೆ ಕೊಡುವ ನೋಂದಣಿ ನಂಬರ್ ಅದು. ಇವರ ಪಹಣಿ ಇನ್ನೂ ತಾತನ ಹೆಸರಲ್ಲಿದೆ. ತಾತ ತೀರಿಕೊಂಡು ಎಷ್ಟೋ ವರ್ಷವಾಯಿತು. ಅಣ್ಣತಮ್ಮಂದಿರು ಒಟ್ಟಿಗೆ ಕೂತು ಜಮೀನನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವ ಪೌತಿ ಖಾತೆ ಮಾಡಿಸಿಲ್ಲ, ಯಾಕೆ ಅಂದರೆ ಒಂದು ಹುಣಸೆಮರದ ಜಗಳ. ಆ ಮರವನ್ನು ನಮಗೆ ತೋರಿಸಿದರು. ದೊಡ್ಡ ಮರ. ಅದರ ಕೆಳಗೆ ಮೂರು ಕರು ಕಟ್ಟಿದ್ದರು. ಬೆಂಗಳೂರಿನಲ್ಲಿ ಕೂತು ಸ್ಕಾಲರ್‌ಶಿಪ್ ಯೋಜನೆ ಬರೆಯುವವರ ಕಣ್ಣಿಗೆ ಈ ಹುಣಸೆಮರ ಕಾಣೋದಾದರೂ ಹೇಗೆ?

ಊಟ ಮಾಡದೆ ಬಿಡಲಿಲ್ಲ. ಮುದ್ದೆ, ಹುರುಳಿ ಸಾರು, ಮೇಲೊಂದಿಷ್ಟು ಈರುಳ್ಳಿ. ಕೋತಿಯ ಕೃಪೆಯಿಂದ ಹೊಟ್ಟೆ ಖಾಲಿಯಿತ್ತು, ನಾಚಿಕೆ ಬಿಟ್ಟು ಎರಡನೇ ಮುದ್ದೆ ಹಾಕಿಸಿಕೊಂಡೆ. ಅಷ್ಟರಲ್ಲಿ ಹುಡುಗಿ ಎದ್ದು ಬಂದಳು. ಮುಖ ತೊಳೆದುಕೊಂಡು ಬಾಗಿಲ ಹತ್ತಿರ ನಿಂತಳು, ಕೂರಲಿಲ್ಲ.

ಗೆಳತಿ ಅವಳಿಗೆ ಭಾಷಣ ಮಾಡಲಿಲ್ಲ. ಹಾಳೆಯ ಹಿಂದೆ ಬರೆದು ತೋರಿಸಿದಳು. ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಸೀಡ್ ಆಗಿರಬೇಕು, ಅಂದರೆ ಸರ್ಕಾರದ ದುಡ್ಡು ಆಧಾರ್ ಮೂಲಕ ಆ ಖಾತೆಗೇ ಬರುವ ಹಾಗೆ ಜೋಡಿಸಿರಬೇಕು, ಬರೀ ಲಿಂಕ್ ಆದರೆ ಸಾಲದು. ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್. ಅಡ್ಮಿಷನ್‌ಗೆ ಬೇರೆ ಪೋರ್ಟಲ್. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ಸರ್ಕಾರಿ ಶಾಲೆ, ಕಾಲೇಜಲ್ಲೇ ಓದಿ ಡಿಗ್ರಿಗೆ ಸೇರುವ ಹುಡುಗಿಯರಿಗೆ ವರ್ಷಕ್ಕೆ 30,000 ಕೊಡುತ್ತಿದ್ದಾರೆ, ಅದಕ್ಕೂ ಹಾಕೋಣ. ಅಪ್ಪ 30,000ವನ್ನು ಕೂಲಿಯ ದಿನಗಳಾಗಿ ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. "ಕೈಗೆ ಯಾವಾಗ ಬರುತ್ತೆ?" ಎಂದರು. ಸೇರಿದ ಮೇಲೆ, ಕೆಲವು ತಿಂಗಳಿಗೆ. ಅವರು ಸುಮ್ಮನಾದರು.

ಹುಡುಗಿ ಒಂದೇ ಪ್ರಶ್ನೆ ಕೇಳಿದಳು.

"ಮೇಡಂ, ಕಾಲೇಜು ಎಷ್ಟು ಗಂಟೆಗೆ ಬಿಡುತ್ತೆ?"

ಬೇಗ ಮನೆಗೆ ಬರುವ ಯೋಚನೆ ಅಂತ ನಾನು ತಿಳಿದೆ. ಗೆಳತಿಗೆ ಬೇಗ ಅರ್ಥವಾಯಿತು. "ರಾತ್ರಿ ಶಿಫ್ಟು ಮಾಡ್ಕೊಂಡು ಓದ್ತೀಯಾ? ಆಗಲ್ಲ ಕಣಮ್ಮ. ಯಾವಾಗ ಮಲಗ್ತೀಯ?"

"ಬಸ್ಸಲ್ಲಿ" ಅಂದಳು ಹುಡುಗಿ. ಅಜ್ಜಿ ಜೋರಾಗಿ ನಕ್ಕರು. ನಮಗೆ ನಗು ಬರಲಿಲ್ಲ.

ಇಳಿಯುವಾಗ ರಸ್ತೆ ಹಿಡಿದೆವು. ಹುಡುಗಿಯ ಚಿಕ್ಕಪ್ಪನ ಗೂಡ್ಸ್ ಗಾಡಿ ಖಾಲಿ ಟೊಮೇಟೊ ಕ್ರೇಟು ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟಿತ್ತು. ಹುಣಸೆಮರದ ಜಗಳದ ಆಚೆ ಪಾರ್ಟಿ ಇವರೇ. ಗೆಳತಿ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅವರ ಹತ್ತಿರ ಪೌತಿ ಖಾತೆಯ ಮಾತಾಡಿದಳು. ನಾನು ಹಿಂದೆ ಖಾಲಿ ಕ್ರೇಟುಗಳ ನಡುವೆ ಕುಲುಕಾಡುತ್ತಾ ಅರ್ಧಂಬರ್ಧ ಕೇಳಿಸಿಕೊಂಡೆ. "ಮರ ನಿಮ್ಮದೇ ಇರಲಿ ಅಣ್ಣ, ಸೈನ್ ಹಾಕೋಕೆ ಏನು?" ಅನ್ನುತ್ತಿದ್ದಳು. ಅವರು ಗೇರು ಬದಲಿಸಿದರು, ಉತ್ತರ ಕೊಡಲಿಲ್ಲ.

ಬೆಟ್ಟದ ಬುಡದಲ್ಲಿ ಗಾಡಿ ನಿಧಾನವಾಯಿತು. ರಸ್ತೆ ಪಕ್ಕ ಒಂದು ಹೊಂಗೆಮರ, ಅದರ ಕೆಳಗೆ ಉದ್ದನೆಯ ಕಲ್ಲು. ಕೂತು ಕೂತು ಕಲ್ಲು ನುಣುಪಾಗಿತ್ತು. ಕಂಪನಿ ಬಸ್ಸು ನಿಲ್ಲುವ ಜಾಗ ಇದೇ ಎಂದರು ಚಿಕ್ಕಪ್ಪ.

ನಾಲ್ಕು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಗೆಳತಿ ನನಗೊಂದು ಫೋಟೋ ಕಳಿಸಿದಳು. ಹುಡುಗಿ ಶಿಫ್ಟಿನ ನಡುವೆ ಅವಳಿಗೆ ವಾಟ್ಸಾಪ್ ಮಾಡಿದ್ದಂತೆ. ಆದಾಯ ಪ್ರಮಾಣಪತ್ರ, ಮಡಿಕೆ ಬಿದ್ದ ಕಡೆ ಸವೆದಿತ್ತು. ಜೊತೆಗೆ ಒಂದಕ್ಷರ ಬರೆದಿರಲಿಲ್ಲ. ಆರ್‌ಡಿ ನಂಬರಿನ ಕೊನೆಯ ಎರಡು ಅಂಕಿ ಓದಲು ಆಗುತ್ತಿರಲಿಲ್ಲ. ಇನ್ನೊಮ್ಮೆ, ಬೆಳಕಲ್ಲಿ ತೆಗೆದು ಕಳಿಸು ಅಂತ ಹೇಳಿದ್ದೇನೆ ಎಂದಳು.