ಯೋಚಿಸಿ ಮಾಡಿದ್ದೋ, ಹಾಗೇ ಆದದ್ದೋ?

ಎರಡೂ ಅಲ್ಲ. ಇನ್ನು ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ, ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಹಳೆಯ ಪಂಚೆ, ಕಾಫಿ ತುಂಬಿದ್ದ ಗೋಣಿ, ಸೀರೆಯ ಅಂಚು, ತಂತಿ, ಕಾಗದ, ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಹೊಲಿಯುತ್ತೇನೆ, ಅಂಟಿಸುತ್ತೇನೆ, ಬಣ್ಣ ಹಚ್ಚುತ್ತೇನೆ. ನಕ್ಷೆ ಬರೆದುಕೊಳ್ಳುವುದಿಲ್ಲ. ಗೋಡೆಯ ಮೇಲೆ ಅದನ್ನು ಕಂಡವರೆಲ್ಲ ಈ ಶೀರ್ಷಿಕೆಯಲ್ಲಿರುವುದನ್ನೇ ಕೇಳುತ್ತಾರೆ. ಆ ‘ಹಾಗೇ’ ಎಂಬುದನ್ನು ಹೇಳುವ ರೀತಿ ನೋಡಬೇಕು, ಒಲೆಯ ಮೇಲೆ ಹಾಲು ಉಕ್ಕಿತು ಎನ್ನುವ ಹಾಗೆ.

ಕಳೆದ ಕೈಲ್‌ಪೊಳ್ದ್, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬದ ದಿನ ಮಾವ ಬಂದಿದ್ದರು. ಕಡುಂಬುಟ್ಟು, ಪಂದಿ ಕರಿ ಮುಗಿಸಿ ಕೈ ಒರೆಸಿಕೊಳ್ಳುತ್ತ ಗೋಡೆಯ ಮುಂದೆ ನಿಂತು ಅದನ್ನೇ ಕೇಳಿದರು. ನನಗೆ ರೇಗಿತು. “ನಿಮ್ಮ ತೋಟದಲ್ಲಿ ಕಾಫಿ ಹೂ ಬಿಡುವುದು ನೀವು ಯೋಚಿಸಿದ್ದಕ್ಕೋ, ಮಳೆ ಬಂದದ್ದಕ್ಕೋ?” ಎಂದೆ. “ನಾನು ಸ್ಪ್ರಿಂಕ್ಲರ್ ಹಾಕಿಸುತ್ತೇನಮ್ಮ” ಎಂದರು. ಅಲ್ಲಿಗೆ ನನ್ನ ವಾದ ಮುಗಿಯಿತು.

ಅವರು ನೋಡುತ್ತಿದ್ದದ್ದು ಜುಲೈ ತಿಂಗಳಿನ ಕೆಲಸ. ಆ ತಿಂಗಳು ಮಡಿಕೇರಿಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಚಹಾದ ಕಷಾಯದಲ್ಲಿ ನೆನೆಸಿದ ಪಂಚೆಯನ್ನು ಜಗಲಿಯ ಮೂಲೆಯಲ್ಲಿ ಹರವಿ ಮರೆತಿದ್ದೆ. ಮೂರನೆಯ ದಿನ ಎತ್ತಿದರೆ ಅಡಿಯಲ್ಲಿ ತುಕ್ಕು ಹಿಡಿದ ಕತ್ತಿ, ಪಂಚೆಯ ಮೇಲೆ ಅದರದೇ ಕಪ್ಪು ಅಚ್ಚು. ಹಿಡಿಯ ಹತ್ತಿರ ಮಸಿಯಂತೆ ದಟ್ಟ, ತುದಿಗೆ ಬರುಬರುತ್ತ ಬೂದಿ. ಚಹಾದ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಕಲಂಕಾರಿಯವರು ಅಳಲೆಕಾಯಿಯ ರಸ ಹೀರಿದ ಬಟ್ಟೆಯ ಮೇಲೆ, ಬೆಲ್ಲದ ನೀರಿನಲ್ಲಿ ಕೊಳೆಯಿಸಿದ ಕಬ್ಬಿಣದಿಂದ ಕಪ್ಪು ಗೆರೆ ಎಳೆಯುವುದೂ ಇದೇ ಗುಟ್ಟಿನಿಂದ. ಅದು ನನಗೆ ಗೊತ್ತಿತ್ತು. ಕತ್ತಿ ಅಲ್ಲಿದ್ದದ್ದು ಗೊತ್ತಿರಲಿಲ್ಲ. ಈಗ ಹೇಳಿ, ಇದು ಯಾವ ಲೆಕ್ಕಕ್ಕೆ?

ಸೆಣಬಿನ ಹಗ್ಗವನ್ನು ಗಂಟು ಹಾಕುತ್ತಲೇ ಆಳೆತ್ತರದ ಶಿಲ್ಪಗಳನ್ನು ಕಟ್ಟಿದ ಮೃಣಾಲಿನಿ ಮುಖರ್ಜಿ (1949–2015) ಕೂಡ ಮೊದಲೇ ಚಿತ್ರ ಬರೆದುಕೊಳ್ಳುತ್ತಿರಲಿಲ್ಲ. 2019ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನವೇ ನಡೆಯಿತು. ನಾನು ಅವರಿಗೆ ಸಮ ಎನ್ನುತ್ತಿಲ್ಲ. ಮಾವನೂ ಇದನ್ನು ಓದುತ್ತಾರೆ, ಆದ್ದರಿಂದ ಹೇಳಿಬಿಟ್ಟೆ.

ಎಷ್ಟು ಬಿಚ್ಚಿದೆ ಎಂದು ಯಾರಾದರೂ ಕೇಳಬಾರದೇ? ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಕತ್ತಿಯ ಅಚ್ಚಿನ ಸುತ್ತ ಮೊದಲು ಕೆಂಪು ದಾರದ ಹೊಲಿಗೆ ಹಾಕಿದೆ, ಚೆನ್ನಾಗಿತ್ತು. ಆಸೆ ಬಿಡಲಿಲ್ಲ. ಅಜ್ಜಿಯ ಸೀರೆಯ ಜರಿ ಅಂಚನ್ನು ಕೆಳಗೆ ಜೋಡಿಸಿದೆ. ಕತ್ತಿ ಮದುವೆಗೆ ಹೊರಟಂತೆ ಕಂಡಿತು. ಎರಡು ರಾತ್ರಿ ಕುಳಿತು ಹೊಲಿದ ಅಂಚು ಅದು. ವಾರವಿಡೀ ಅದರ ಮುಂದೆ ಓಡಾಡಿ, ಕೊನೆಗೆ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕೊಯ್ದು ತೆಗೆದೆ. ಪಂಚೆ ಸವೆದದ್ದರಿಂದ ಸೂಜಿಯ ತೂತುಗಳು ಮುಚ್ಚಲಿಲ್ಲ, ಸಾಲಾಗಿ ಉಳಿದವು. ಬೆಳಕಿಗೆ ಹಿಡಿದರೆ ಆ ಅಂಚು ಈಗಲೂ ಕಾಣುತ್ತದೆ, ಜರಿ ಇದ್ದಾಗಿನದಕ್ಕಿಂತ ಚೆನ್ನಾಗಿ. ಅದನ್ನು ಹಾಗೇ ಬಿಟ್ಟೆ. ಇಲ್ಲಿಯ ‘ಹಾಗೇ’ ಬೇರೆ.

ಆ ತೂತುಗಳನ್ನು ಇದುವರೆಗೆ ಗಮನಿಸಿದವರು ಒಬ್ಬರೇ. ಹೊರಡುವ ಮೊದಲು ಮಾವ ಕನ್ನಡಕ ಮೇಲೇರಿಸಿ, ಆ ಸಾಲಿನ ಮೇಲೆ ನಿಧಾನವಾಗಿ ಬೆರಳು ಆಡಿಸಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

“ಇಲ್ಲಿ ನುಸಿ ತಿಂದಿದೆ ನೋಡಮ್ಮ” ಎಂದರು.